ಹಿಮ್ಮರಳುವ ನೀರು ಮತ್ತು ಕಟ್ಟಡದೊಡೆಯರ ಹೊಣೆ

ನಲ್ಲಿಗೆ ಬಂದ ನೀರು ಬಂದ ದಾರಿಯಲ್ಲಿಯೇ ಹಿಂದಿರುಗಬಲ್ಲುದೆಂಬ ಸಂಗತಿಯು ಎಮ್ಮಿಗನೂರಿನಂತಹ ಗ್ರಾಮದಲ್ಲಿಯಾಗಲಿ, ಹೊಸಪೇಟೆ, ಕಂಪ್ಲಿಗಳಂತಹ ಪಟ್ಟಣಗಳಲ್ಲಿಯಾಗಲಿ ಬಹುಜನರ ಲಕ್ಷ್ಯಕ್ಕೆ ಬಂದಂತಿಲ್ಲ. ಗೊತ್ತಾದ ಹೊತ್ತಿಗೆ ಮಾತ್ರ ನೀರು ಬಿಡುವ ಊರುಗಳಲ್ಲಿ, ಸರಬರಾಜು ನಿಂತೊಡನೆ ಕೊಳವೆಯ ಒತ್ತಡವು ಕುಸಿದು, ಸಂಪಿನ ನೀರಿನಲ್ಲಿ ಮುಳುಗಿದ ಪೈಪಿನ ತುದಿಯಿಂದಲೋ, ಕೊಳವೆಬಾವಿಯೊಡನೆ ಮಾಡಿದ ಜೋಡಣೆಯಿಂದಲೋ ಮಲಿನಜಲವು ಸಾರ್ವಜನಿಕ ಕೊಳವೆಗೆ ಸೆಳೆಯಲ್ಪಟ್ಟು ನೆರೆಮನೆಯ ಬಿಂದಿಗೆಯನ್ನು ಸೇರಬಹುದು. ನಲ್ಲಿಗೆ ನೇರವಾಗಿ ಮೋಟಾರು ಹೂಡುವ ದುರಭ್ಯಾಸವು ಈ ಅಪಾಯವನ್ನು ಮತ್ತಷ್ಟು ಹೆಚ್ಚಿಸುವುದು.

1933ರಲ್ಲಿ, ಷಿಕಾಗೊ ನಗರದ ವಿಶ್ವಮೇಳದ ಕಾಲದಲ್ಲಿ, ಎರಡು ಹೋಟೆಲುಗಳ ಸದೋಷ ಕೊಳವೆಗಳಿಂದ ಹಬ್ಬಿದ ಅಮೀಬಾ ಆಮಶಂಕೆಯು ನೂರರ ಸಮೀಪ ಜೀವಗಳನ್ನು ಬಲಿಗೊಂಡಿತು. 2021ರಲ್ಲಿ ನಮ್ಮ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದವರು ಮಡಿದರು. ಕಲ್ಮಷವು ಹೊಕ್ಕ ಬಗೆ ಯಾವುದೇ ಆಗಿರಲಿ, ಕುಡಿಯುವ ನೀರು ಕೆಟ್ಟರೆ ಒದಗುವ ದಾರುಣತೆಗೆ ಅದು ಸಾಕ್ಷಿ.

ಪರಿಹಾರವು ದುಸ್ಸಾಧ್ಯವಲ್ಲ. ಮನೆಯ ತೊಟ್ಟಿಗೆ ನೀರು ಸುರಿಯುವ ಕೊಳವೆಯ ಬಾಯಿಯು ತೊಟ್ಟಿಯ ಅಂಚಿಗಿಂತ ಮೇಲಿರಬೇಕು. ಹೋಟೆಲು, ಆಸ್ಪತ್ರೆ, ಕಲ್ಯಾಣಮಂಟಪ, ಅಕ್ಕಿಗಿರಣಿಗಳಲ್ಲಿ ಹಿಮ್ಮುಖ ಹರಿವನ್ನು ತಡೆಯುವ ವಾಲ್ವುಗಳಿರಬೇಕು. ಮರಳು ಸಿಲುಕಿ, ರಬ್ಬರು ಸವೆದು, ಸ್ಪ್ರಿಂಗು ಸಡಿಲಗೊಂಡ ವಾಲ್ವು ಹೊರನೋಟಕ್ಕೆ ನಿರ್ದೋಷವಾಗಿಯೇ ತೋರುವುದರಿಂದ, ಅಮೆರಿಕದ ಅನೇಕ ನಗರಗಳು ವರ್ಷಕ್ಕೊಮ್ಮೆ ಅದನ್ನು ಪರೀಕ್ಷಿಸುವ ಕರ್ತವ್ಯವನ್ನು ಕಟ್ಟಡದೊಡೆಯರ ಮೇಲೆಯೇ ಹೊರಿಸಿವೆ. ನಮ್ಮ ನಗರಸಭೆ, ಪುರಸಭೆ, ಪಂಚಾಯಿತಿಗಳೂ ಪರವಾನಗಿಯ ನವೀಕರಣಕ್ಕೆ ಇಂತಹ ಪರೀಕ್ಷಾಪತ್ರವನ್ನು ಕಡ್ಡಾಯಗೊಳಿಸಲಿ, ಪ್ಲಂಬರುಗಳಿಗೆ ತರಬೇತಿ ಕೊಡಲಿ. ಕಟ್ಟಡವು ಸ್ವಂತದ್ದಾದರೂ ಅದರ ಕೊಳವೆಯು ಊರಿನ ಕೊಳವೆಯೊಡನೆ ಕೂಡಿರುವವರೆಗೆ, ಒಡೆಯನ ಅಲಕ್ಷ್ಯವನ್ನು ಅವನ ಖಾಸಗಿ ವಿಷಯವೆಂದು ಸಮಾಜವು ಸಹಿಸಲಾಗದು.