ಫಾರ್ಮ್ಯಾಟ್ ಹೊಡೆಯುವ ಮುಂಚೆ

"ತಮ್ಮಾ, ಎಲ್ಲಾ ಡಿ ಡ್ರೈವ್‌ನ್ಯಾಗ ಅದಾವು. ನೀ ಸುಮ್ನ ಫಾರ್ಮ್ಯಾಟ್ ಹೊಡಿ."

ಹೋದ ತಿಂಗಳು ಊರಿಗೆ ಹೋದಾಗ ಕಾಕಾ ಅಂದ ಮಾತಿದು. ನಮ್ಮೂರು ರೋಣ ತಾಲೂಕಿನ ಹೊಳೆಮಣ್ಣೂರ. ಕಾಕಾಂದು ಅಲ್ಲಿ ಝೆರಾಕ್ಸ್, ಆನ್‌ಲೈನ್ ಅರ್ಜಿ ಅಂತ ಒಂದು ಸಣ್ಣ ಅಂಗಡಿ. 2019ರ ಪ್ರವಾಹದ ನಂತರ ತಗೊಂಡ ಕಂಪ್ಯೂಟರು ಈಗ ಆಮೆ ಆಗಿದೆ. ಮೇಲಾಗಿ ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ ಕೊಡುವುದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಹೊಸದಾಗಿ ವಿಂಡೋಸ್ 11 ಹಾಕಿಕೊಡು ಅಂತ ಕಾಕಾನ ಹಟ.

ಬೇರೆಯವರು ಹೇಳಿದ್ದರೆ ಹೊಡೆದೇ ಬಿಡುತ್ತಿದ್ದೆನೇನೋ. ಆದರೆ ನಮ್ಮ ಮನೆಯಲ್ಲಿ ಒಂದು ಹಳೇ ಗಾಯ ಇದೆ.

2009ರಲ್ಲಿ ಮಲಪ್ರಭೆ ಉಕ್ಕಿ ಊರೊಳಗೆ ನುಗ್ಗಿದಾಗ ನಾನಿನ್ನೂ ಹೈಸ್ಕೂಲು. ಅಪ್ಪಂದು ಕಾಳಿನ ವ್ಯಾಪಾರ. ಹೆಸರು, ಕಡಲೆ ಕೊಡುವ ರೈತರು, ಕೊಳ್ಳುವ ದಲ್ಲಾಳಿಗಳು, ಬೀಗರು ಬಿಜ್ಜರು ಎಲ್ಲರ ನಂಬರೂ ಒಂದು ಡೈರಿಯಲ್ಲಿ. ಹೊಳೆ ಇಳಿದ ಮೇಲೆ ಸಿಕ್ಕಿದ್ದು ಕೆಸರಿನ ಮುದ್ದೆ. ಆವತ್ತೇ ಅಪ್ಪ, "ಇನ್ ಮ್ಯಾಲ ಕಾಗದ ಬ್ಯಾಡ" ಅಂದ. ಎರಡು ವರ್ಷದ ಮೇಲೆ ಕಂಪ್ಯೂಟರ್ ತಂದು, ಮೇಲ್ ಪ್ರೋಗ್ರಾಮಿನ ಅಡ್ರೆಸ್ ಬುಕ್ಕಿನಲ್ಲಿ ಒಂದೊಂದೇ ಹೆಸರು ಕೂಡಿಸಿದ.

2016ರಲ್ಲಿ ನಾನು ಇಂಜಿನಿಯರಿಂಗ್ ಓದುತ್ತಿದ್ದೆ. ಜಂಬ ಬೇರೆ. ರಜೆಗೆ ಬಂದವನೇ ವೈರಸ್ ಹೊಕ್ಕಿದೆ ಅಂತ ಫಾರ್ಮ್ಯಾಟ್ ಹೊಡೆದೆ. ಫೋಟೋ, ಹಾಡು, ಡಾಕ್ಯುಮೆಂಟ್ಸ್ ಎಲ್ಲಾ ಡಿ ಡ್ರೈವ್‌ಗೆ ಹಾಕಿದ್ದೆ. ಮೇಲ್ ಮತ್ತು ಅಡ್ರೆಸ್ ಬುಕ್ ಸಿ ಡ್ರೈವಿನಲ್ಲಿ, ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ ಇದ್ದವು. ಹೋದವು. ಅಪ್ಪ ಬೈಯಲಿಲ್ಲ. ಎಷ್ಟೋ ತಿಂಗಳು ಫೋನ್ ಎತ್ತಿದ ಕೂಡಲೇ "ಯಾರ್ರೀ?" ಅನ್ನುತ್ತಿದ್ದ, ಅಷ್ಟೇ. ಇಪ್ಪತ್ತು ವರ್ಷದ ಗೆಳೆಯನಿಗೂ ಹಾಗೇ ಅಂದು, ಆತ ಸಿಟ್ಟಾಗಿ ಫೋನಿಟ್ಟಿದ್ದು ನನ್ನ ಕಣ್ಣೆದುರಿಗೇ.

ಒಂದ್ಸಲ ಹೊಳೆ ಒಯ್ದಿತ್ತು, ಎರಡನೇ ಸಲ ನಾನು ಒಯ್ದೆ.

ಅದಕ್ಕೇ ಕಾಕಾನಿಗೆ, "ಸ್ವಲ್ಪ ತಡಿ, ಚಹಾ ಹೇಳು" ಅಂದು ಕುಂತೆ. ಆ ಸಂಜೆ ನಾವಿಬ್ಬರೂ ಮಾಡಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲ ಪ್ರಶ್ನೆ: ಮೇಲ್ ಇರುವುದೆಲ್ಲಿ? ನೀವು ಬ್ರೌಸರಿನಲ್ಲೇ ಜಿಮೇಲ್ ನೋಡುವವರಾದರೆ ಮೇಲ್ ಇರುವುದು ಗೂಗಲ್‌ನ ಸರ್ವರಿನಲ್ಲಿ. ಕಂಪ್ಯೂಟರ್ ಸುಟ್ಟರೂ ಅದಕ್ಕೇನೂ ಆಗದು. ಥಂಡರ್‌ಬರ್ಡ್ ಅಥವಾ ಔಟ್‌ಲುಕ್ ಬಳಸುತ್ತಿದ್ದರೆ ಅಕೌಂಟ್ ಸೆಟ್ಟಿಂಗ್ಸ್ ತೆರೆದು, ಐಮ್ಯಾಪ್ ಅಂತಿದೆಯೋ ಪಾಪ್ ಅಂತಿದೆಯೋ ನೋಡಿ. ಐಮ್ಯಾಪ್ ಆದರೆ ಅಸಲು ಸರ್ವರಿನಲ್ಲಿ, ನಿಮ್ಮಲ್ಲಿರುವುದು ನಕಲು. ಪಾಪ್ ಆದರೆ ಮೇಲನ್ನು ಇಳಿಸಿಕೊಂಡು ಸರ್ವರಿನಿಂದ ಅಳಿಸುವಂತೆ ಸೆಟ್ ಆಗಿರಬಹುದು. ಹಾಗಿದ್ದರೆ ಜಗತ್ತಿನಲ್ಲಿರುವ ಒಂದೇ ಪ್ರತಿ ನಿಮ್ಮ ಸಿ ಡ್ರೈವಿನಲ್ಲಿ. ಐಮ್ಯಾಪ್ ಇದ್ದರೂ 'ಲೋಕಲ್ ಫೋಲ್ಡರ್ಸ್'ಗೆ ಎಳೆದು ಹಾಕಿದ ಮೇಲ್‌ಗಳ ಕಥೆ ಇದೇ.

ಕಾಕಾನದು ಥಂಡರ್‌ಬರ್ಡ್, ಪಾಪ್. ಆರು ವರ್ಷದ ಮೇಲ್ ಪೂರಾ ಒಂದೇ ಕಡೆ. ಡಿ ಡ್ರೈವಿನಲ್ಲಿ ಒಂದೂ ಇಲ್ಲ. ಕಾಕಾನ ಮುಖ ನೋಡಬೇಕಿತ್ತು.

ಥಂಡರ್‌ಬರ್ಡ್‌ನಲ್ಲಿ ಕೆಲಸ ಸುಲಭ. ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ಒತ್ತಿ. ಅಲ್ಲಿ ಪ್ರೊಫೈಲ್ ಫೋಲ್ಡರ್ ಪಕ್ಕದ ಓಪನ್ ಫೋಲ್ಡರ್ ಒತ್ತಿದರೆ ಆ ಬಚ್ಚಿಟ್ಟ ಜಾಗ ತೆರೆಯುತ್ತದೆ. ಥಂಡರ್‌ಬರ್ಡ್ ಪೂರ್ತಿ ಮುಚ್ಚಿ, ಆ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಮೇಲ್, ಅಡ್ರೆಸ್ ಬುಕ್, ಸೇವ್ ಆದ ಪಾಸ್‌ವರ್ಡ್ ಎಲ್ಲಾ ಅದರಲ್ಲೇ ಬರುತ್ತವೆ. ಪಾಸ್‌ವರ್ಡೂ ಇರುವುದರಿಂದ ಆ ಪೆನ್‌ಡ್ರೈವನ್ನು ಕಂಡಕಂಡವರ ಕೈಗೆ ಕೊಡಬೇಡಿ.

ಹಳೇ ಮಾದರಿಯ ಔಟ್‌ಲುಕ್ ಆದರೆ ಫೈಲ್, ಓಪನ್ ಆ್ಯಂಡ್ ಎಕ್ಸ್‌ಪೋರ್ಟ್, ಇಂಪೋರ್ಟ್/ಎಕ್ಸ್‌ಪೋರ್ಟ್. ಅಲ್ಲಿ ಪಿಎಸ್‌ಟಿ ಫೈಲ್ ಆಯ್ದುಕೊಳ್ಳಿ, 'ಸಬ್‌ಫೋಲ್ಡರ್' ಟಿಕ್ ಮಾಡುವುದು ಮರೆಯಬೇಡಿ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಮಾತ್ರ ಐಟಿಯವರನ್ನು ಕೇಳದೆ ಏನೂ ಎತ್ತಿಕೊಳ್ಳಬೇಡಿ.

ಎರಡನೆಯದು, ಕಾಂಟ್ಯಾಕ್ಟ್ಸ್. ನಮ್ಮಲ್ಲಿ ಬಹಳ ಜನ ಮೋಸಹೋಗುವುದು ಇಲ್ಲೇ. ಎರಡಕ್ಷರ ಟೈಪ್ ಮಾಡಿದರೆ ಪೂರ್ತಿ ಹೆಸರು ತಾನೇ ಬರುತ್ತದಲ್ಲ, ಅದನ್ನೇ ಕಾಂಟ್ಯಾಕ್ಟ್ ಅಂದುಕೊಂಡಿರುತ್ತೇವೆ. ಔಟ್‌ಲುಕ್‌ನಲ್ಲಿ ಅದು ಪ್ರೋಗ್ರಾಂ ನೆನಪಿಟ್ಟುಕೊಂಡ ಬೇರೆಯೇ ಪಟ್ಟಿ. ಎಕ್ಸ್‌ಪೋರ್ಟ್ ಮಾಡಿದಾಗ ಬರುತ್ತದೆ ಅಂತ ನಂಬಿ ಕೂರಬೇಡಿ. ಬೇಕಾದವರನ್ನು ಈಗಲೇ ಕಾಂಟ್ಯಾಕ್ಟ್ ಆಗಿ ಸೇವ್ ಮಾಡಿ.

ಆಮೇಲೆ ಪಟ್ಟಿಯನ್ನು ವಿಕಾರ್ಡ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ. ಫೋನೂ ಅದನ್ನು ಓದುತ್ತದೆ. ಸಿಎಸ್‌ವಿ ಮಾಡಿಕೊಂಡರೆ ಒಂದು ಎಚ್ಚರ: ಕನ್ನಡದ ಹೆಸರುಗಳಿದ್ದಾಗ ಅದನ್ನು ಡಬಲ್‌ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಎಷ್ಟೋ ಸಲ ಹೆಸರೆಲ್ಲಾ ಕಲಸುಮೇಲೋಗರ. ಆಗ ಅಪ್ಪಿತಪ್ಪಿ ಸೇವ್ ಒತ್ತಿದಿರೋ, ಬ್ಯಾಕಪ್ಪೂ ಕೆಟ್ಟಿತು.

ಜೊತೆಗೆ, ಗೂಗಲ್‌ನಲ್ಲಿ ಎರಡು ಹಂತದ ಲಾಗಿನ್ ಇದ್ದರೆ ಅದರ 10 ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಮೇಲ್ ಭದ್ರವಾಗಿದ್ದು, ಬಾಗಿಲ ಕೀಲಿಯೇ ಕಳೆದರೆ ಏನು ಬಂತು?

ಇಷ್ಟು ಮುಗಿಸಿದಾಗ ರಾತ್ರಿ ಎಂಟು. "ಆತಲ್ಲಪಾ, ಇನ್ ಹೊಡಿ" ಅಂದ ಕಾಕಾ. ನಾನು, "ಇನ್ನ ಒಂದ ಕೆಲಸ ಐತಿ" ಅಂದೆ. ಪೆನ್‌ಡ್ರೈವನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದೆ.

ಥಂಡರ್‌ಬರ್ಡ್ ಪ್ರೊಫೈಲ್ ತೆರೆಯಿತು. 2019ರ ಮೊದಲ ಮೇಲ್ ಇತ್ತು, ಆ ದಿನ ಬೆಳಗಿನದೂ ಇತ್ತು. ವಿಕಾರ್ಡ್‌ನಲ್ಲಿ ಹೆಸರುಗಳೂ ಸರಿ. ಆಮೇಲೆ ಕಾಕಾ ಡಿ ಡ್ರೈವಿನಲ್ಲಿಟ್ಟಿದ್ದ ಗಿರಾಕಿಗಳ ಎಕ್ಸೆಲ್ ಪಟ್ಟಿ ತೆರೆದೆ. ನಂಬರ್ ಸರಿಯಾಗಿವೆ, ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕಾಕಾ ಗಾಬರಿ: "ಎಲ್ಲಿ ಹ್ವಾದುವೋ ಹೆಸರು?"

ಎಲ್ಲೂ ಹೋಗಿರಲಿಲ್ಲ. ಅದು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಯೂನಿಕೋಡ್ ಅಲ್ಲದ ಆ ಪದ್ಧತಿಯಲ್ಲಿ ಫಾಂಟ್ ಇದ್ದರಷ್ಟೇ ಕನ್ನಡ ಕಾಣುತ್ತದೆ. ಕಾಕಾನ ಕಂಪ್ಯೂಟರಿನಲ್ಲಿ ಫಾಂಟ್ ಇತ್ತು, ನನ್ನದರಲ್ಲಿ ಇಲ್ಲ. ಫಾರ್ಮ್ಯಾಟ್ ಆದ ಮೇಲೆ ಕಾಕಾನದರಲ್ಲೂ ಇರುತ್ತಿರಲಿಲ್ಲ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ನುಡಿ ಫಾಂಟ್‌ಗಳನ್ನು ಕಾಪಿ ಮಾಡಿದೆವು. ಪಟ್ಟಿಯನ್ನು ಕನ್ವರ್ಟರ್ ಬಳಸಿ ಯೂನಿಕೋಡಿಗೆ ಬದಲಾಯಿಸಿ ಇನ್ನೊಂದು ಪ್ರತಿಯನ್ನೂ ಇಟ್ಟೆವು. ಬರಹದ ಹಳೇ ಫೈಲ್‌ಗಳಿದ್ದರೆ ನೀವೂ ಹೀಗೇ ನೋಡಿಕೊಳ್ಳಿ.

ಕಾಪಿ ಮಾಡಿದರೆ ಬ್ಯಾಕಪ್ ಆಯಿತು ಅಂತ ತಿಳಿಯಬೇಡಿ. ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕಣ್ಣಾರೆ ಓದಿದ ಮೇಲಷ್ಟೇ ಅದು ಬ್ಯಾಕಪ್. 2016ರಲ್ಲಿ ನಾನು ಕಾಪಿ ಮಾಡಿರಲಿಲ್ಲ ಅಂತಲ್ಲ. ಏನು ಬಂದಿದೆ, ಏನು ಬಂದಿಲ್ಲ ಅಂತ ನೋಡಿರಲಿಲ್ಲ. ಹತ್ತು ನಿಮಿಷದ ಕೆಲಸವಾಗಿತ್ತು.

ಮರುದಿನ ಬೆಳಗ್ಗೆ ವಿಂಡೋಸ್ 11 ಹಾಕಿದೆ. ಮಧ್ಯಾಹ್ನದೊಳಗೆ ಕಾಕಾನ ಮೇಲ್ ಮೊದಲಿದ್ದಂತೆಯೇ ಬಂತು. ಒಂದು ಪೆನ್‌ಡ್ರೈವನ್ನು ಬೆಂಗಳೂರಿಗೆ ತಂದೆ. ಮತ್ತೊಂದನ್ನು ಅಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮನೆಯ ಅಟ್ಟದ ಮೇಲಿಟ್ಟ.

"ಹೊಳಿ ಅಲ್ಲೀತನಾ ಬರಂಗಿಲ್ಲ" ಅಂದ. ಆಮೇಲೆ ನನ್ನ ಕಡೆ ನೋಡಿ ನಕ್ಕ: "ನಿನ್ನ ಕೈನೂ ಅಲ್ಲೀತನಾ ಬರಬಾರದು."