ಓದುವ ಮಕ್ಕಳು ಊರಿಗೆ ಬೇಡವೇ?



2025ರ ಮಳೆಗಾಲದ ಒಂದು ಆದಿತ್ಯವಾರ ನಮ್ಮ ವಾರ್ಡಿನ ಗ್ರಾಮಸಭೆ ಶಾಲೆಯ ಹಾಲಿನಲ್ಲಿ ಜರಗಿತು. ಕಾಸರಗೋಡಿನ ಈ ಗಡಿಭಾಗದಲ್ಲಿ ಬೇರೆ ಗ್ರಾಮಸಭೆಗಳು ಹೇಗೋ ಇದೂ ಹಾಗೆಯೇ. ಮುಂದಿನ ಬೆಂಚುಗಳಲ್ಲಿ ಕುಟುಂಬಶ್ರೀಯ ತಾಯಂದಿರು, ಅವರ ಹಿಂದೆ ಪಿಂಚಣಿಯ ವಿಚಾರ ಕೇಳಲು ಬಂದ ಮುದುಕರು, ಬಾಗಿಲ ಬಳಿ ಸಹಿ ಹಾಕಿ ಹೊರಡುವ ಆತುರದಲ್ಲಿದ್ದ ನಾಲ್ಕಾರು ಗಂಡಸರು. ಮನೆ ದುರಸ್ತಿಯ ಪಟ್ಟಿಯನ್ನು ಓದಿದರು. ಐವತ್ತು ವರ್ಷ ಬೀಡಿ ಕಟ್ಟಿದ ಒಬ್ಬ ಅಜ್ಜಿ ತನ್ನ ಹೆಸರು ಬರುತ್ತದೆಂದು ಕಿವಿಗೊಟ್ಟು ಕುಳಿತಿದ್ದರು. ಬರಲಿಲ್ಲ. ವಿಚಾರಿಸಿದಾಗ, ಒಂದು ದಾಖಲೆ ಕಡಿಮೆಯಿದೆಯೆಂದು ನಾಲ್ಕು ತಿಂಗಳ ಹಿಂದೆಯೇ ಪತ್ರ ಕಳುಹಿಸಲಾಗಿದೆ, ಉತ್ತರ ಬಾರದ್ದರಿಂದ ಅರ್ಜಿಯನ್ನು ಬಿಡಲಾಗಿದೆ ಎಂದರು. ಪತ್ರ ಬಂದದ್ದು ನಿಜ. ಅಜ್ಜಿ ಅದನ್ನು ಬೀಡಿ ಕಾರ್ಡಿನ ಜೊತೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಭದ್ರವಾಗಿ ಇಟ್ಟಿದ್ದರು. ಮಲಯಾಳದಲ್ಲಿದ್ದುದರಿಂದ ಓದಲಾಗಲಿಲ್ಲ; ಸರಕಾರದ ಮುದ್ರೆಯಿದ್ದುದರಿಂದ ಹಣ ಮಂಜೂರಾಯಿತೆಂದೇ ತಿಳಿದಿದ್ದರು.

ಆ ಅಜ್ಜಿಯ ಮೊಮ್ಮಗ ಮಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಾನೆ. ಮಲಯಾಳವನ್ನೂ ತಕ್ಕಮಟ್ಟಿಗೆ ಓದಬಲ್ಲ. ಶನಿವಾರ ಸಂಜೆ ಮನೆಗೆ ಬಂದು ಸೋಮವಾರ ಬೆಳಗ್ಗಿನ ಬಸ್ಸಿಗೆ ತಲಪಾಡಿ ದಾಟಿ ಹೋಗುವವನು. ನಾಲ್ಕು ತಿಂಗಳಲ್ಲಿ ಎಷ್ಟು ಶನಿವಾರ ಬಂದವೆಂದು ನೀವೇ ಲೆಕ್ಕ ಹಾಕಿರಿ. ಅಜ್ಜಿ ಆ ಪತ್ರವನ್ನು ಅವನಿಗೆ ತೋರಿಸಲಿಲ್ಲ. ಓದುವ ಹುಡುಗನಿಗೆ ಇದರ ತಲೆಬಿಸಿ ಯಾಕೆ ಎಂದು ಅವರ ಎಣಿಕೆ. ಅವನೂ ಕೇಳಲಿಲ್ಲ. ಗ್ರಾಮಸಭೆ ನಡೆಯುವ ಹೊತ್ತಿನಲ್ಲಿ ಶಾಲೆಯಿಂದ ಎರಡು ಫರ್ಲಾಂಗು ದೂರದ ಮನೆಯಲ್ಲಿ ಆತ ಇದ್ದ.

ಹುಡುಗನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವನು ಒಳ್ಳೆಯವನು, ದುಶ್ಚಟವಿಲ್ಲ, ಪರೀಕ್ಷೆಯಲ್ಲಿ ಮುಂದು. ನಾವು ಅವನಿಗೆ ಕಲಿಸಿದ್ದನ್ನೇ ಅವನು ಮಾಡಿದ್ದಾನೆ. "ನಿನ್ನ ಪಾಡಿಗೆ ನೀನು ಓದು, ಯಾವುದಕ್ಕೂ ತಲೆ ಹಾಕಬೇಡ, ಸರ್ಟಿಫಿಕೇಟು ತೆಗೆದುಕೊಂಡು ಬಾ." ಬೀಡಿ ಕಟ್ಟಿದ ತಾಯಿ, ಕಲ್ಲಿನ ಪಣೆಯಲ್ಲಿ ದುಡಿದ ತಂದೆ, ತೋಟದ ಕೆಲಸದ ಅಣ್ಣ, ಎಲ್ಲರೂ ಮಗುವನ್ನು ಕಾಲೇಜಿಗೆ ಸೇರಿಸುವ ದಿನ ಹೇಳುವ ಮಾತು ಇದೊಂದೇ. ಈ ಸಾಲುಗಳನ್ನು ಬರೆಯುವವನೂ ತನ್ನ ಮಗಳಿಗೆ ಇದನ್ನೇ ಹೇಳಿದ್ದಾನೆ.

ಅದರ ಫಲವನ್ನು ಉಂಡದ್ದೂ ಆಯಿತು. 2025ರ ಡಿಸೆಂಬರ್ 11ರಂದು ನಮ್ಮ ಜಿಲ್ಲೆಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಮಗಳು ಮೊದಲ ಸಲ ವೋಟು ಹಾಕುವವಳು. ಬೂತಿಗೆ ಹೋದರೆ ಪಟ್ಟಿಯಲ್ಲಿ ಹೆಸರಿಲ್ಲ. ಕೈಯಲ್ಲಿ ಗುರುತಿನ ಚೀಟಿ ಇದೆ, ಪಟ್ಟಿಯಲ್ಲಿ ಹೆಸರಿಲ್ಲ! ಆಮೇಲೆ ತಿಳಿದುಬಂತು: ಶಾಸನಸಭೆಗೂ ಲೋಕಸಭೆಗೂ ಇರುವ ಪಟ್ಟಿ ಭಾರತದ ಚುನಾವಣಾ ಆಯೋಗದ್ದು, ಕೇರಳದಲ್ಲಿ ಪಂಚಾಯತು, ನಗರಸಭೆಗಳಿಗೆ ಇರುವ ಪಟ್ಟಿ ರಾಜ್ಯ ಚುನಾವಣಾ ಆಯೋಗದ್ದು. ಎರಡೂ ಬೇರೆ ಬೇರೆ. ಒಂದರಲ್ಲಿ ಹೆಸರಿದ್ದರೆ ಇನ್ನೊಂದರಲ್ಲಿ ತಾನಾಗಿ ಬರುವುದಿಲ್ಲ. ಆ ನವೆಂಬರಿನಲ್ಲಿಯೇ ಕೇಂದ್ರ ಆಯೋಗದ ವಿಶೇಷ ಪರಿಷ್ಕರಣೆಯ ನಮೂನೆಗಳು ಮನೆಮನೆಗೆ ಬಂದುದರಿಂದ, ಅದನ್ನು ತುಂಬಿಸಿದರೆ ಎಲ್ಲವೂ ಆಯಿತೆಂದು ತಿಳಿದವರು ಬಹಳ ಮಂದಿ. ನಾನೂ ಅವರಲ್ಲೊಬ್ಬ. ಯೂನಿಯನ್ನಿನ ಮೇಜಿನಲ್ಲಿ ಕೂತು ಕಂಡಕಂಡವರ ಅರ್ಜಿ ತುಂಬಿಸುವವನು ಸ್ವಂತ ಮಗಳ ಹೆಸರನ್ನು ನೋಡಲಿಲ್ಲ. ಅವಳು ಏನೂ ಅನ್ನಲಿಲ್ಲ. "ಇರಲಿ ಅಪ್ಪಾ, ಇನ್ನು ಐದು ವರ್ಷಕ್ಕೆ ತಾನೇ" ಎಂದಳು. ಬೈದಿದ್ದರೆ ವಾಸಿಯಿತ್ತು.

ನಮ್ಮ ದೇಶದಲ್ಲಿ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದು ಸಂವಿಧಾನದ 61ನೇ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 1989ರ ಮಾರ್ಚ್ ತಿಂಗಳಲ್ಲಿ. ಸರಿಸುಮಾರು ಅದೇ ಹೊತ್ತಿಗೆ ಪಕ್ಕದ ಕರ್ನಾಟಕದಲ್ಲಿ ಕಾಲೇಜುಗಳ ವಿದ್ಯಾರ್ಥಿ ಸಂಘಗಳಿಗೆ ನೇರ ಚುನಾವಣೆ ನಡೆಸುವುದು ನಿಂತುಹೋಯಿತು. ಗಲಾಟೆಯಾಗುತ್ತದೆ, ಹೊಡೆದಾಟವಾಗುತ್ತದೆ ಎಂಬುದು ಕಾರಣ. ಒಂದು ಕೈಯಲ್ಲಿ ದೇಶವನ್ನು ಆಳುವವರನ್ನು ಆರಿಸುವ ಹಕ್ಕು ಕೊಟ್ಟರು, ಇನ್ನೊಂದು ಕೈಯಲ್ಲಿ ತಮ್ಮ ಕಾಲೇಜಿನ ಸಂಘಕ್ಕೆ ಒಬ್ಬನನ್ನು ಆರಿಸುವ ಅಭ್ಯಾಸ ತೆಗೆದರು. ನೀರಿಗಿಳಿಯಬೇಡವೆಂದು ಹೇಳಿ ಹೊಳೆ ದಾಟಲು ಅಪ್ಪಣೆ ಕೊಟ್ಟ ಹಾಗೆ. ನಮ್ಮ ಗಡಿಯ ಮಕ್ಕಳಲ್ಲಿ ಕನ್ನಡದಲ್ಲಿ ಓದಿದವರು ಹೆಚ್ಚಾಗಿ ಹೋಗುವುದು ಮಂಗಳೂರಿನ ಕಡೆಗೇ ಆದುದರಿಂದ ಈ ಮಾತು ನಮಗೆ ಹೊರಗಿನದಲ್ಲ. ಆ ಮಕ್ಕಳು ಓದುವಲ್ಲಿ ಮತದಾರರಲ್ಲ, ಊರಿನಲ್ಲಿ ಅತಿಥಿಗಳು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ತಲಪಾಡಿಯಲ್ಲಿ ದಾರಿ ಮುಚ್ಚಿದಾಗಲೂ, 2021ರಲ್ಲಿ ಗಡಿ ದಾಟಲು ಪುನಃ ಪುನಃ ಪರೀಕ್ಷೆಯ ಸರ್ಟಿಫಿಕೇಟು ಬೇಕೆಂದಾಗಲೂ, ಎರಡೂ ರಾಜ್ಯಗಳ ಲೆಕ್ಕದಲ್ಲಿ ಅವರು ಆಚೆಯವರಾಗಿಯೇ ಉಳಿದರು. ಲೆಕ್ಕಕ್ಕೆ ಬರಬೇಕಾದರೆ ಎಲ್ಲಿಯಾದರೂ ಒಂದು ಕಡೆ ಹೆಸರಿರಬೇಕು, ಆ ಹೆಸರಿಗೆ ಒಂದು ಬಾಯಿಯೂ ಇರಬೇಕು.

ಹೊಳೆಯ ಈಚೆ ದಡದಲ್ಲಿ, ಅಂದರೆ ಕೇರಳದಲ್ಲಿ, ಕತೆ ಬೇರೆ. ಇಲ್ಲಿ ಕ್ಯಾಂಪಸ್ಸಿನಲ್ಲಿ ಚುನಾವಣೆಗೆ ಬರವಿಲ್ಲ, ಬಾವುಟಕ್ಕೂ ಬರವಿಲ್ಲ. ಇದನ್ನು ಕಂಡು ಹೆತ್ತವರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. 2018ರ ಜುಲೈಯಲ್ಲಿ ಎರ್ನಾಕುಳಂ ಮಹಾರಾಜಾಸ್ ಕಾಲೇಜಿನಲ್ಲಿ ಇರಿತಕ್ಕೆ ಬಲಿಯಾದ ಅಭಿಮನ್ಯು ಇಡುಕ್ಕಿಯ ವಟ್ಟವಡದ ಬಡ ಕೂಲಿಯವರ ಮನೆಯ ಹುಡುಗ. ನಮ್ಮಂಥವರದೇ ಮನೆ. ಆ ತಾಯಿಯ ಅಳುವನ್ನು ಟಿ.ವಿ.ಯಲ್ಲಿ ಕಂಡ ಯಾವ ತಾಯಿ ತನ್ನ ಮಗನಿಗೆ "ಸಂಘ ಕಟ್ಟು ಹೋಗು" ಎಂದಾಳು? ನಮ್ಮ ಸಭೆಗಳಿಗೆ ಸೇರಿದ ಕೆಲವು ಕಾಲೇಜುಗಳು ಕ್ಯಾಂಪಸ್ ರಾಜಕೀಯವೇ ಬೇಡವೆಂದು ನ್ಯಾಯಾಲಯದವರೆಗೆ ಹೋದದ್ದೂ ಈ ಹೆದರಿಕೆಯಿಂದಲೇ. ಶಿಸ್ತು ಬೇಕೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಚೂರಿಯನ್ನು ಹೊರಗೆ ಹಾಕುವ ಬದಲು ಮಾತನ್ನೇ ಹೊರಗೆ ಹಾಕಿದರೆ ಏನಾಗುತ್ತದೆ? ಮಾತು ಕಲಿಯದವನು ಮುಂದೆ ಒಂದು ದಿನ ಯಾರು ಕೂಗಿದರೂ ಅವರ ಹಿಂದೆ ಹೋಗುತ್ತಾನೆ. ಅಭಿಮನ್ಯುವಿನ ಊರಿನಲ್ಲಿ ಅವನ ಹೆಸರಿನಲ್ಲಿ ಒಂದು ಗ್ರಂಥಾಲಯ ತೆರೆದರು. ಊರೂರಿನಿಂದ ಜನ ಪುಸ್ತಕ ಕಳುಹಿಸಿದರು. ಸೇಡಿನ ಮಾತಿಗಿಂತ ಆ ಪುಸ್ತಕಗಳ ಕಪಾಟು ದೊಡ್ಡದೆಂದು ನನಗೆ ಕಾಣುತ್ತದೆ.

ಪಕ್ಷಕ್ಕೆ ಸೇರುವವರು ಸೇರಲಿ, ಅದೂ ಹಕ್ಕು. ನಾವು ಕೇಳುವುದು ಅದಕ್ಕಿಂತ ಚಿಕ್ಕದು, ಬಹುಶಃ ಅದಕ್ಕಿಂತ ಕಷ್ಟದ್ದು. ಬಾವುಟ ಹಿಡಿದು ರಸ್ತೆಯಲ್ಲಿ ಅರ್ಧ ದಿನ ನಡೆಯುವುದು ಸುಲಭ. ಪಂಚಾಯತು ಕಚೇರಿಯಲ್ಲಿ ಒಂದು ಕಡತದ ಹಿಂದೆ ಮೂರು ಸಲ ಹೋಗಿ ಬರುವುದು ಬೇಸರದ ಕೆಲಸ. ಅಲ್ಲಿ ಫೋಟೋ ಯಾರೂ ತೆಗೆಯುವುದಿಲ್ಲ.

1996ರಲ್ಲಿ ಕೇರಳ ಸರಕಾರ ಜನಕೀಯ ಯೋಜನೆಯನ್ನು ಆರಂಭಿಸಿ, ಯೋಜನಾ ಹಣದ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ಹುಡುಗ. ಗ್ರಾಮಸಭೆಗೆ ಬಂದ ಜನಕ್ಕೆ ಶಾಲೆಯ ಜಗಲಿ ಸಾಲದೆ ಅಂಗಳದಲ್ಲಿ ನಿಂತಿದ್ದರು. ಕಾಲೇಜಿಗೆ ಹೋಗುವ ಅಣ್ಣಂದಿರು ಕಾಗದ ಹಿಡಿದು ಬಾವಿ ಎಷ್ಟು, ಕಕ್ಕಸು ಎಷ್ಟು, ದಾರಿಯಿಲ್ಲದ ಮನೆ ಎಷ್ಟು ಎಂದು ಬರೆದುಕೊಂಡು ಹೋಗುತ್ತಿದ್ದರು. ಅವರ ಹಿಂದೆ ಟೇಪು ಹಿಡಿದುಕೊಂಡು ಹೋದ ನೆನಪು ನನಗಿದೆ. ಈಗ ಅದೇ ಶಾಲೆ, ಅದೇ ಜಗಲಿ. ಕೋರಂ ತುಂಬಿಸಲು ಆಟೋ ಕಳುಹಿಸಬೇಕು. ಕೇರಳದ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ವಾರ್ಡಿನ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರೇ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು, ಹತ್ತರಲ್ಲಿ ಒಂದು ಪಾಲು ಜನ ಇರಬೇಕು. ಯಾರಿಗೆ ಮನೆ, ಯಾರಿಗೆ ಆಡು, ಎಲ್ಲಿ ದಾರಿದೀಪ ಎಂಬುದರ ಆದ್ಯತೆ ತೀರ್ಮಾನವಾಗುವುದು ಅಲ್ಲಿ. ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡ ಮಗು ಇದನ್ನು ಪುಸ್ತಕದಲ್ಲಿ ಓದಿ ಹತ್ತು ಅಂಕ ಪಡೆಯುತ್ತದೆ, ಆದರೆ ತನ್ನ ವಾರ್ಡಿನ ಗ್ರಾಮಸಭೆ ಯಾವ ದಿನವೆಂದು ಅದಕ್ಕೆ ತಿಳಿಯದು.

ಕಾಲೇಜುಗಳಲ್ಲಿ ಏನೂ ಇಲ್ಲವೆಂದಲ್ಲ. 1969ರಿಂದ ರಾಷ್ಟ್ರೀಯ ಸೇವಾ ಯೋಜನೆ ಇದೆ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ಶಿಬಿರ. ಮಕ್ಕಳು ಬರುತ್ತಾರೆ, ರಸ್ತೆ ಬದಿಯ ಪೊದೆ ಕಡಿಯುತ್ತಾರೆ, ರಾತ್ರಿ ಹಾಡುತ್ತಾರೆ. ಬಹಳ ಚೆನ್ನ. ಆದರೆ ಈ ಚರಂಡಿ ಕಟ್ಟಲು ಹಣ ಬಂದಿತ್ತೇ, ಬಂದಿದ್ದರೆ ಎಲ್ಲಿ ಹೋಯಿತು ಎಂದು ಕೇಳುವುದನ್ನು ಶಿಬಿರದಲ್ಲಿ ಕಲಿಸಿದ್ದನ್ನು ನಾನು ಕಂಡಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅದನ್ನು ಕೇಳಲು ಹತ್ತು ರೂಪಾಯಿ ಸಾಕು, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಪೊದೆ ಕಡಿಯುವುದೂ ಸೇವೆ, ಇದೂ ಸೇವೆ.

ವಯಸ್ಸು ಸಾಲದೆಂದು ಹೇಳುವಂತಿಲ್ಲ. ಪಂಚಾಯತಿಗೆ ನಿಲ್ಲಲು ಇಪ್ಪತ್ತೊಂದು ವರ್ಷ ಸಾಕೆಂದು ಸಂವಿಧಾನವೇ ಹೇಳುತ್ತದೆ. 2020ರ ಚುನಾವಣೆಯ ಬಳಿಕ ತಿರುವನಂತಪುರದ ಮೇಯರಾದ ಆರ್ಯಾ ರಾಜೇಂದ್ರನ್ ಆಗ ಇಪ್ಪತ್ತೊಂದರ ಬಿ.ಎಸ್ಸಿ. ವಿದ್ಯಾರ್ಥಿನಿ. ಅದೇ ಸಲ ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಪಂಚಾಯತಿಗೆ ಅಧ್ಯಕ್ಷೆಯಾದ ರೇಷ್ಮಾ ಮರಿಯಂ ರಾಯ್‌ಗೂ ಅಷ್ಟೇ ವಯಸ್ಸು. ಅವರ ಆಡಳಿತ ಹೇಗಿತ್ತೆಂಬ ಚರ್ಚೆ ಬೇರೆ; ಬಾಗಿಲು ತೆರೆದಿದೆ ಎಂಬುದಷ್ಟೇ ಇಲ್ಲಿ ಮಾತು. ನಮ್ಮ ನೆಲದಲ್ಲಿಯೂ ವಿದ್ಯಾವಂತರು ಪಂಚಾಯತನ್ನು ಕೀಳೆಂದು ತಿಳಿದವರಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮೇಷ್ಟ್ರಾಗಿದ್ದರು, ಕಾಸರಗೋಡು ಕನ್ನಡದ ಹೋರಾಟದ ಮುಂದಾಳಾಗಿದ್ದರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ಪದ್ಯ ಬರೆಯುವ ಕೈಯಲ್ಲಿ ದಾರಿದೀಪದ ಕಡತಕ್ಕೆ ಸಹಿ ಹಾಕಲು ಅವರಿಗೆ ನಾಚಿಕೆಯಾಗಲಿಲ್ಲ.

ಹಾಸ್ಟೆಲಿನಲ್ಲಿರುವ ಮಕ್ಕಳು ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಶಾಸನಸಭೆ, ಲೋಕಸಭೆಯ ಪಟ್ಟಿಗೆ ಹೆಸರನ್ನು ತಂದೆತಾಯಿಯ ಮನೆಯ ವಿಳಾಸದಲ್ಲಿಯೂ ಸೇರಿಸಬಹುದು, ಓದುವ ಊರಿನ ಹಾಸ್ಟೆಲಿನ ವಿಳಾಸದಲ್ಲಿಯೂ ಸೇರಿಸಬಹುದು. ಹಾಸ್ಟೆಲಿನ ವಿಳಾಸಕ್ಕೆ ಕಾಲೇಜಿನ ಮುಖ್ಯಸ್ಥರ ದೃಢಪತ್ರ ಬೇಕು. ಎರಡು ಕಡೆ ಇಡುವುದು ಮಾತ್ರ ತಪ್ಪು. ನಮೂನೆ 6ನ್ನು ತುಂಬಿಸಬೇಕು. ಹದಿನೇಳು ತುಂಬಿದವರು ಮುಂಗಡವಾಗಿಯೇ ಕೊಡಬಹುದು. ಹಿಂದೆ ಜನವರಿ 1ಕ್ಕೆ ಹದಿನೆಂಟು ಆಗಿರಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ತಾರೀಕುಗಳೂ ಲೆಕ್ಕಕ್ಕೆ ಬರುತ್ತವೆ. ಶನಿವಾರ ಮನೆಗೆ ಬರುವಂಥವರು ಮನೆಯಲ್ಲಿಯೇ ಇಡುವುದು ವಾಸಿಯೆಂದು ನನ್ನ ಅಭಿಪ್ರಾಯ. ಪಂಚಾಯತಿನ ಪಟ್ಟಿಯನ್ನು ಬೇರೆಯೇ ನೋಡಿಕೊಳ್ಳಬೇಕೆಂದು ನನ್ನ ಮಗಳ ಖರ್ಚಿನಲ್ಲಿ ಈಗಾಗಲೇ ಹೇಳಿದ್ದೇನೆ.

ಇನ್ನು ಕೆಲಸದ ಕೊರತೆಯಂತೂ ಇಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1966ರ ಬೀಡಿ ಕಾಯಿದೆಯೂ ಸೇರಿ ಹಳೆಯ ಕಾಯಿದೆಗಳು ಅವುಗಳೊಳಗೆ ಸೇರಿಹೋದವು. ನಮ್ಮ ಬ್ರಾಂಚುಗಳ ಹೆಂಗಸರಿಗೆ ಇದರಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಕನ್ನಡದಲ್ಲಿ ಕುಳಿತು ಓದಿ ಹೇಳುವವರು ಬೇಕು. ಎಸ್ಸೆಸ್ಸೆಲ್ಸಿಯವನಾದ ನನಗೆ ಒಂದು ಪುಟ ಮುಗಿಸಲು ಒಂದು ಸಂಜೆ ಹೋಗುತ್ತದೆ. ಕಾನೂನು ಓದುವ ಮಕ್ಕಳು ನಮ್ಮ ಕುಟುಂಬಗಳಲ್ಲಿಯೇ ಇದ್ದಾರೆ. ತಾಯಿಯ ಬೀಡಿ ಕಾರ್ಡಿನ ಮೇಲೆ ವಿದ್ಯಾರ್ಥಿವೇತನ ಪಡೆದು ಓದಿದವರೂ ಇದ್ದಾರೆ. ಅವರನ್ನು ನಾವು ಕರೆದೇ ಇಲ್ಲ. ಕರೆಯದೆ ಬರಲಿಲ್ಲವೆಂದು ಗೊಣಗುವುದು ಎಲ್ಲಿಯ ನ್ಯಾಯ?

ಅಜ್ಜಿಯ ವಿಷಯ ಹೇಳಿ ಮುಗಿಸುತ್ತೇನೆ. ಗ್ರಾಮಸಭೆಯ ಮಾರನೆಯ ಶನಿವಾರ ಆ ಹುಡುಗನನ್ನು ಕರೆದು ಪತ್ರವನ್ನು ಅವನ ಕೈಗೆ ಕೊಟ್ಟೆವು. ಓದಿದ. ಬಹಳ ಹೊತ್ತು ಸುಮ್ಮನೆ ಕುಳಿತ. ಕೇರಳದ ಅಧಿಕೃತ ಭಾಷೆಗಳ 1969ರ ಕಾಯಿದೆಯ ಪ್ರಕಾರ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಿ ಕನ್ನಡದಲ್ಲಿಯೇ ಉತ್ತರ ಪಡೆಯಬಹುದೆಂದು ಹೇಳಿದಾಗ, ಹದಿನೇಳು ವರ್ಷ ಶಾಲೆ ಕಾಲೇಜಿಗೆ ಹೋದ ತನಗೆ ಇದನ್ನು ಯಾರೂ ಹೇಳಲಿಲ್ಲವೆಂದ. ಆ ರಾತ್ರಿಯೇ ಅರ್ಜಿ ಬರೆದ. ಆರು ವಾರದ ಮೇಲೆ ಉತ್ತರ ಬಂತು, ಎರಡೇ ಸಾಲು, ಕನ್ನಡದಲ್ಲಿ. ಕಾಗುಣಿತ ಮೂರು ಕಡೆ ತಪ್ಪಿತ್ತು. ದಾಖಲೆ ಸಲ್ಲಿಸಿದರೆ ಮುಂದಿನ ಪಟ್ಟಿಯಲ್ಲಿ ಪರಿಗಣಿಸಲಾಗುವುದೆಂದು ಅದರ ಸಾರ. ದಾಖಲೆ ಸಲ್ಲಿಸಿ ಆಗಿದೆ. ಮಾಡಿಗೆ ಸದ್ಯಕ್ಕೆ ಪ್ಲಾಸ್ಟಿಕ್ ಹೊದಿಸಿದ್ದಾರೆ.

ಮುಂದಿನ ಗ್ರಾಮಸಭೆಯನ್ನು ಕೆಲಸದ ದಿನದಲ್ಲಿ ಇಡದೆ, ಹೊರಗೆ ಓದುವ ಮಕ್ಕಳು ಊರಿನಲ್ಲಿರುವ ಆದಿತ್ಯವಾರ ಮಧ್ಯಾಹ್ನ ಇಡಬೇಕೆಂದು ಹೊಸ ವಾರ್ಡು ಸದಸ್ಯರಿಗೆ ಬರೆದು ಕೊಟ್ಟಿದ್ದೇವೆ. ಆ ಕಾಗದಕ್ಕೆ ಮೊದಲ ಸಹಿ ಆ ಹುಡುಗನದು, ಎರಡನೆಯದು ನನ್ನ ಮಗಳದು. ಪಟ್ಟಿಯಲ್ಲಿ ಹೆಸರಿಲ್ಲದವಳು ಸಹಿ ಹಾಕಬಹುದೇ ಎಂದು ಅವಳು ಕೇಳಿದಳು. ಹಾಕು ಎಂದೆ.