ಔಷಧದಾನ ಯಾವ ಖಾತೆಯಲ್ಲಿದೆ?

ಐಹೊಳೆಯ ಮೇಗುತಿ ಗುಡ್ಡದ ಮೇಲೆ ರವಿಕೀರ್ತಿಯು ಜಿನಾಲಯವನ್ನು ಕಟ್ಟಿಸಿದ್ದು ಶಕವರ್ಷ 556ರಲ್ಲಿ, ಅಂದರೆ ಕ್ರಿ.ಶ. 634ರಲ್ಲಿ. ಆ ಜಿನಾಲಯದ ಅಂಬಿಕಾ ಯಕ್ಷಿಯ ವಿಗ್ರಹ ಇಂದು ಅದೇ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಮುನಿಗೆ ಆಹಾರವಿತ್ತ ಕಾರಣಕ್ಕೆ ಮನೆಯಿಂದ ಹೊರದೂಡಲ್ಪಟ್ಟು, ಇಬ್ಬರು ಮಕ್ಕಳೊಡನೆ ನಡೆದ ತಾಯಿ ಆಕೆ ಎಂದು ಕಥೆಯಿದೆ. ಯಕ್ಷಿಯರಿಗೆ ಭಕ್ತಿಯಿಂದ ಉಡಿ ತುಂಬುವ ಸಮಾಜವು ತನ್ನ ಮನೆಯ ತಾಯಂದಿರ ಮೈಯಲ್ಲಿ ರಕ್ತವೆಷ್ಟಿದೆ ಎಂದು ವಿಚಾರಿಸಿದ್ದುಂಟೇ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 57 ಮಂದಿ ರಕ್ತಹೀನರು. ಕರ್ನಾಟಕದಲ್ಲಿ ಈ ಪ್ರಮಾಣ ಅರ್ಧಕ್ಕೆ ಸಮೀಪ. ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಬೇಗ ದಣಿವು, ಮೆಟ್ಟಿಲೇರಿದರೆ ಏದುಸಿರು, ಎದೆಬಡಿತ, ಬಿಳಿಚಿದ ಕಣ್ಣಂಚು, ಮಣ್ಣು ತಿನ್ನುವ ಬಯಕೆ ಇದರ ಲಕ್ಷಣಗಳು. ಇವನ್ನು ಕಂಡೂ 'ಹೆಂಗಸರಿಗೆ ಇದೆಲ್ಲ ಇದ್ದದ್ದೇ' ಎನ್ನುವುದು ವೈರಾಗ್ಯವಲ್ಲ, ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂಬುದನ್ನು ಶ್ರಾವಕರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಉಪವಾಸದ ಸುಸ್ತು ತಪಸ್ಸಿನ ಅಂಗವೆಂದು ಕೆಲವರು ವಾದಿಸುತ್ತಾರೆ. ಆದರೆ ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿತಸ್ತಪ. ಶಕ್ತಿಗೆ ತಕ್ಕ ತಪಸ್ಸು. ಗರ್ಭಿಣಿಯೋ ಬಾಣಂತಿಯೋ ರಕ್ತವಿಲ್ಲದವಳೋ ಎಂದು ಕೇಳದೆ, ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದವಳಿಗೆ ಹಾರ ಹಾಕಿ ಮೆರೆಸುವವರು ಅವಳ ತಪಸ್ಸನ್ನಲ್ಲ, ತಮ್ಮ ಪ್ರತಿಷ್ಠೆಯನ್ನು ಮೆರೆಸುತ್ತಾರೆ.

ಮುಟ್ಟಿನ ಮಾತು ಸಭೆಯಲ್ಲಿ ಸಲ್ಲದೆಂಬುದು ಇನ್ನೊಂದು ವಾದ. ಶೌಚದ ನಿಯಮ ಯಾವುದೂ ವೈದ್ಯರ ಬಾಗಿಲನ್ನು ಮುಚ್ಚಿಲ್ಲ. ಏಳು ದಿನ ಮೀರಿದ ಸ್ರಾವ, ಗಡ್ಡೆಗಡ್ಡೆಯಾಗಿ ಹೋಗುವ ರಕ್ತ, ಗಂಟೆಗೊಮ್ಮೆ ಬಟ್ಟೆ ಬದಲಿಸುವ ಸ್ಥಿತಿ ಇದ್ದಲ್ಲಿ ಗರ್ಭಕೋಶದಲ್ಲಿ ಗಂಟುಗಳಿರಬಹುದು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಕ್ಯಾನ್ಸರಿನ ಶಂಕೆಯಿಂದ ಕೂಡಲೇ ಪರೀಕ್ಷಿಸಲೇಬೇಕು. ಸಂಕೋಚಕ್ಕೆ ಇಲ್ಲಿ ಪ್ರಾಣವೇ ಬೆಲೆ.

ಮಾತ್ರೆ ಅಶುದ್ಧವೆಂಬ ಶಂಕೆಗೂ ಉತ್ತರವಿದೆ. ಕ್ಯಾಪ್ಸೂಲಿನ ಕವಚ ಪ್ರಾಣಿಜನ್ಯ ಜೆಲಟಿನ್ನಿನದಾಗಿರಬಹುದು. ಅದರ ಬದಲು ಮಾತ್ರೆಯನ್ನೇ ಕೇಳಿ ಪಡೆಯಬಹುದು. ಗರ್ಭಿಣಿಯರಿಗೆ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದೆ. ಹಗಲಿನಲ್ಲೇ ಸೇವಿಸಿದರೆ ರಾತ್ರಿಭೋಜನ ತ್ಯಾಗಕ್ಕೂ ಭಂಗವಿಲ್ಲ. ಮಲ ಕಪ್ಪಾಗುವುದು ಮಾತ್ರೆಯ ಸಹಜ ಗುಣ. ಅದಕ್ಕೆ ಹೆದರಿ ನಿಲ್ಲಿಸಬಾರದು.

ಸಜ್ಜೆ, ರಾಗಿ, ಹುರುಳಿ, ಎಳ್ಳು, ನುಗ್ಗೆಸೊಪ್ಪು ಶಾಕಾಹಾರಿಗೆ ಕಬ್ಬಿಣದ ಆಸರೆ. ಜೊತೆಗೆ ನಿಂಬೆಯ ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗಿನ ಚಹಾ ಅದನ್ನು ತಡೆಯುತ್ತದೆ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರು ಕಾಳುಗಳನ್ನು ಹೆಚ್ಚಿಸಲಿ. ಬಿ12 ಜೀವಸತ್ವ ಶಾಕಾಹಾರಿಗಳಿಗೆ ಮುಖ್ಯವಾಗಿ ಹಾಲು, ಮೊಸರಿನಿಂದಲೇ ಸಿಗಬೇಕು. ಅದು ಕಡಿಮೆಯಾದರೂ ರಕ್ತಹೀನತೆ ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ; ಕಬ್ಬಿಣವೊಂದರಿಂದಲೇ ಅದು ನೀಗದು. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಸೊಸೆ ಉಣ್ಣುವ ಮನೆಯಲ್ಲಿ ಯಾವ ಪಥ್ಯವೂ ಫಲಿಸದು.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧಕ್ಕೆ ಎಷ್ಟು ಟ್ರಸ್ಟುಗಳು ತಮ್ಮ ಜಮಾಖರ್ಚಿನಲ್ಲಿ ಒಂದು ಸಾಲನ್ನಾದರೂ ಇಟ್ಟಿವೆ? ಪಂಚಕಲ್ಯಾಣಕ್ಕೆ, ಸುಣ್ಣಬಣ್ಣಕ್ಕೆ, ಫಲಕದ ಮೇಲಿನ ದಾನಿಯ ಹೆಸರಿಗೆ ಹಣ ಒದಗುತ್ತದೆ. ಒಂದು ರಕ್ತಪರೀಕ್ಷೆಗೆ ಒದಗುವುದಿಲ್ಲ. ಐನೂರ್ವರ ವರ್ತಕಸಂಘ ತನ್ನ ಹೆಸರನ್ನೇ ಪಡೆದ ಅಯ್ಯಾವೊಳೆ ಈ ಐಹೊಳೆಯೇ. ಮೂಲಧನ ಕರಗುತ್ತಿರುವುದನ್ನು ಕಾಣದ ವರ್ತಕನನ್ನು ಜಾಣನೆಂದು ಯಾರೂ ಕರೆಯರು.

ಪ್ರತಿ ಬಸದಿಯೂ ದಶಲಕ್ಷಣಕ್ಕೆ ಒಂದು ತಿಂಗಳು ಮೊದಲು ಸ್ತ್ರೀಯರ ರಕ್ತಪರೀಕ್ಷೆ ನಡೆಸಲಿ. ಶ್ರಾವಿಕೆಯರ ಜೊತೆಗೆ ಬಸದಿಯ ಅಂಗಳ ಗುಡಿಸುವವಳೂ ಹೊಲದಲ್ಲಿ ಕಳೆ ತೆಗೆಯುವವಳೂ ಆ ಸಾಲಿನಲ್ಲಿ ನಿಲ್ಲಲಿ. ವ್ರತದ ಪಟ್ಟಿ ಅದಾದ ಮೇಲೆ ಸಿದ್ಧವಾಗಲಿ.